ಆಯಿಲ್ ಬದಲಿಸದ ಹಳೆ ಡೀಸೆಲ್ ಕಾರು: ಇಂಜಿನ್ ಬಿಚ್ಚಿಸುವ ಮೊದಲು ಏನೇನು ನೋಡಬೇಕು

ಹಳೆ ಡೀಸೆಲ್ ಕಾರಿನಲ್ಲಿ ಆಯಿಲ್ ದೀಪ ಮಿಣುಕಿತು ಅಂತ ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಕೇಳುತ್ತೀರಿ. "ಸೆನ್ಸರ್ ಹೋಗಿದೆ ಸಾರ್, ಏನೂ ಆಗಲ್ಲ, ಓಡಿಸಿ." ಇಲ್ಲವಾದರೆ, "ಇಂಜಿನ್ ಕೆಲಸ ಬಂದಿದೆ ಸಾರ್, ಇಳಿಸಲೇಬೇಕು." ಎಷ್ಟೋ ಸಲ ಈ ಎರಡೂ ಮಾತನ್ನು ಪ್ರೆಷರ್ ಅಳೆಯದೆಯೇ ಹೇಳಿರುತ್ತಾರೆ. ಮೊದಲನೆಯದನ್ನು ನಂಬಿ ಓಡಿಸಿದರೆ ಇಂಜಿನ್ ಸೀಜ್ ಆಗಬಹುದು, ಅಂದರೆ ಒಳಗೇ ಬಿಗಿದು ನಿಂತುಬಿಡಬಹುದು. ಎರಡನೆಯದನ್ನು ನಂಬಿದರೆ, ಚೇಂಬರ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿ ಜಾಲರಿ ತೊಳೆದು ಮುಗಿಸಬಹುದಾಗಿದ್ದ ಕೆಲಸಕ್ಕೆ ಇಡೀ ಇಂಜಿನ್ ಬಿಚ್ಚಿಸಿಕೊಂಡು, ಲೇತ್ ಕೆಲಸ ಮಾಡಿಸಿ, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಸುಮ್ನೆ ಗುಜರಿಗೆ ಹೋದ ಒಳ್ಳೆ ಇಂಜಿನ್‌ಗಳನ್ನು ನೋಡಿ ನನಗೆ ಬೇಸರವಾಗಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇದು ಯಾರಿಗೆ? ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ತಗೊಂಡಿದ್ದೀರಿ, ಸರ್ವಿಸ್ ಪುಸ್ತಕ ಇಲ್ಲ, ಮೀಟರ್ ಓದುವುದನ್ನು ನಂಬುವ ಹಾಗಿಲ್ಲ, ಹಿಂದಿನ ಮಾಲೀಕರು ಆಯಿಲ್ ಯಾವಾಗ ಬದಲಿಸಿದರು ಅಂತ ಕೇಳಿದರೆ "ರೆಗ್ಯುಲರ್ ಆಗಿ ಮಾಡಿಸಿದ್ದೀವಿ" ಅಂತಾರೆ, ಅಷ್ಟೇ. ಅಥವಾ ಮನೆಯದೇ ಕಾರು, ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಕೂಡ ಓಡುವುದಿಲ್ಲ, ಹಾಗಾಗಿ ಆಯಿಲ್ ಬದಲಿಸುವ ಯೋಚನೆಯೇ ಬಂದಿಲ್ಲ. ಈ ಎರಡನೆಯ ಗಾಡಿಯೇ ಒಮ್ಮೊಮ್ಮೆ ಜಾಸ್ತಿ ಹಾಳಾಗಿರುತ್ತದೆ. ಹತ್ತಿರದ ಓಡಾಟದಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಒಳಗೆ ಸೇರಿದ ನೀರಿನ ಹಬೆ, ಉರಿಯದ ಡೀಸೆಲ್, ಮಸಿ ಎಲ್ಲವೂ ಆಯಿಲ್‌ನಲ್ಲೇ ಉಳಿದು ಅದನ್ನು ಕೆಡಿಸುತ್ತವೆ. ಆದ್ದರಿಂದಲೇ ಕಂಪನಿಗಳು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತ ಬರೆಯುವುದು. ಆ "ಒಂದು ವರ್ಷ" ಅನ್ನುವ ಭಾಗವನ್ನು ಯಾರೂ ಓದುವುದಿಲ್ಲ.

ಉದಾಹರಣೆಗೆ ನಾನು 1.3 ಲೀಟರ್ ಮಲ್ಟಿಜೆಟ್ ಇಂಜಿನ್ ಇಟ್ಟುಕೊಳ್ಳುತ್ತೇನೆ. ಫಿಯೆಟ್ ವಿನ್ಯಾಸದ 1248 ಸಿಸಿ ಇಂಜಿನ್ ಇದು. 2007ರಲ್ಲಿ ಸ್ವಿಫ್ಟ್‌ಗೆ ಡಿಡಿಐಎಸ್ ಅನ್ನುವ ಹೆಸರಲ್ಲಿ ಬಂತು. ಆಮೇಲೆ ಡಿಜೈರ್, ರಿಟ್ಜ್, ಎರ್ಟಿಗಾ, ಟಾಟಾದ ಇಂಡಿಕಾ ವಿಸ್ಟಾ, ಫಿಯೆಟ್‌ನ ಪುಂಟೊ, ಲಿನಿಯಾ, ಹೀಗೆ ಎಲ್ಲೆಲ್ಲೂ ಅದೇ. 2020ರಲ್ಲಿ ಹೊಗೆ ಮಿತಿಯ ಬಿಎಸ್6 ನಿಯಮ ಬಂದಾಗ ಮಾರುತಿ ಇದನ್ನು ನಿಲ್ಲಿಸಿತು. ನಮ್ಮ ಊರುಗಳಲ್ಲಿ ಇವತ್ತಿಗೂ ಟ್ಯಾಕ್ಸಿಗೆ, ಮನೆಗೆ ಓಡುತ್ತಿರುವ ಹಳೆ ಡೀಸೆಲ್‌ಗಳಲ್ಲಿ ದೊಡ್ಡ ಪಾಲು ಇದರದೇ. ಗಟ್ಟಿ ಇಂಜಿನ್. ಆದರೆ ಇದಕ್ಕೆ ಹಿಡಿಸುವ ಆಯಿಲ್ ಬರೀ ಮೂರು ಲೀಟರ್ ಚಿಲ್ಲರೆ. ಟೈಮಿಂಗ್ ಚೈನು (ಇಂಜಿನ್‌ನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕನ್ನೂ ವಾಲ್ವ್ ತೆರೆಯುವ ಕ್ಯಾಮನ್ನೂ ಜೋಡಿಸುವ ಸರಪಳಿ), ಅದನ್ನು ಬಿಗಿಯಾಗಿಡುವ ಟೆನ್ಷನರ್, ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ, ಎಲ್ಲವೂ ಆ ಮೂರು ಲೀಟರನ್ನೇ ನಂಬಿವೆ. ಒಂದು ಲೀಟರ್ ಕಡಿಮೆಯಾದರೆ ಮೂರರಲ್ಲಿ ಒಂದು ಪಾಲು ಹೋಯಿತು ಅಂತ ಲೆಕ್ಕ. ಬೇರೆ ಇಂಜಿನ್ ಇದ್ದವರಿಗೂ ಪರೀಕ್ಷೆಯ ಕ್ರಮ ಇದೇ, ಅಂಕಿಗಳನ್ನು ಮಾತ್ರ ನಿಮ್ಮ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ.

ದೀಪ ಹೊತ್ತಿದರೆ ಮೊದಲು ಇಂಜಿನ್ ಆಫ್

ಓಡುತ್ತಿರುವಾಗ ಕೆಂಪು ಆಯಿಲ್ ದೀಪ ಬಂತಾ, ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. "ಮನೆ ಇನ್ನು ನಾಲ್ಕೇ ಕಿಲೋಮೀಟರ್" ಅನ್ನುವ ಲೆಕ್ಕ ಬೇಡ. ಆ ದೀಪ ಆಯಿಲ್ ಮಟ್ಟ ತೋರಿಸುವುದಿಲ್ಲ, ಪ್ರೆಷರ್ ತೋರಿಸುತ್ತದೆ. ಅದೂ ಪ್ರೆಷರ್ ಅರ್ಧ ಬಾರ್ (ಪ್ರೆಷರ್ ಅಳೆಯುವ ಮಾನ) ಆಸುಪಾಸಿಗೋ ಅದಕ್ಕಿಂತ ಕೆಳಕ್ಕೋ ಇಳಿದ ಮೇಲೆ ಹೊತ್ತುತ್ತದೆ. 3000 ಆರ್‌ಪಿಎಂನಲ್ಲಿ ಮೂರು ಬಾರ್ ಇರಬೇಕಾದ ಕಡೆ ಒಂದೇ ಬಾರ್ ಇದ್ದರೂ ದೀಪ ಆರಿಯೇ ಇರುತ್ತದೆ! ಅಂದರೆ ದೀಪ ಇಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ. ದೀಪ ಬಂತು ಅಂದರೆ ಬೇರಿಂಗ್‌ಗಳು ಆಗಲೇ ಒಣಗುತ್ತಿವೆ ಅಂತ ತಿಳಿಯಿರಿ. ಗಾಡಿಯನ್ನು ಎಳೆಸಿಕೊಂಡು ಹೋಗುವುದಕ್ಕೆ ಆಗುವ ಖರ್ಚು ಕ್ರ್ಯಾಂಕ್ ಕೆಲಸದ ಖರ್ಚಿನ ಮುಂದೆ ಏನೇನೂ ಅಲ್ಲ.

ಆಯಿಲ್ ಓಡುವ ದಾರಿಯನ್ನು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಚೇಂಬರ್ ತಳದಿಂದ ಜಾಲರಿ, ಅಂದರೆ ಸ್ಟ್ರೇನರ್ ಮೂಲಕ ಪಂಪ್ ಎಳೆಯುತ್ತದೆ. ಪಂಪ್‌ನಿಂದ ಫಿಲ್ಟರ್‌ಗೆ. ಫಿಲ್ಟರ್‌ನಿಂದ ಬ್ಲಾಕ್‌ನ ಮುಖ್ಯ ದಾರಿಗೆ. ಅಲ್ಲಿಂದ ಕ್ರ್ಯಾಂಕ್ ಬೇರಿಂಗ್, ಮೇಲೆ ಹೆಡ್, ಚೈನ್ ಟೆನ್ಷನರ್, ಒಂದು ಸಣ್ಣ ಪೈಪಿನಲ್ಲಿ ಟರ್ಬೊ. ಫಿಲ್ಟರ್ ಪೂರ್ತಿ ಕಟ್ಟಿಕೊಂಡರೆ ಒಂದು ಬೈಪಾಸ್ ವಾಲ್ವ್ ತೆರೆದುಕೊಳ್ಳುತ್ತದೆ. ಇಂಜಿನ್‌ಗೆ ಆಯಿಲ್ ಬರುತ್ತದೆ, ಆದರೆ ಸೋಸದೇ ಇರುವ ಆಯಿಲ್. ಸ್ಟ್ರೇನರ್ ಕಟ್ಟಿಕೊಂಡರೆ ಎಷ್ಟೋ ಇಂಜಿನ್‌ಗಳಲ್ಲಿ ಆ ಉಪಾಯವೂ ಇರುವುದಿಲ್ಲ. ಪಂಪ್ ಎಷ್ಟು ತಿರುಗಿದರೂ ಎಳೆಯಲಿಕ್ಕೆ ಏನೂ ಸಿಗುವುದಿಲ್ಲ.

ಕಡ್ಡಿ ಏನು ಹೇಳುತ್ತದೆ

ಸಮತಟ್ಟು ಜಾಗ, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ, ಆಮೇಲೆ ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಹಾಕಿ ತೆಗೆಯಿರಿ. ಕಪ್ಪಗಿದೆ ಅಂತ ಗಾಬರಿಯಾಗಬೇಡಿ. ಡೀಸೆಲ್ ಇಂಜಿನ್‌ನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ. ಮಸಿಯನ್ನು ತನ್ನೊಳಗೆ ತೇಲಿಸಿಕೊಂಡಿರುವುದೇ ಆಯಿಲ್‌ನ ಕೆಲಸ. ಬಣ್ಣ ನೋಡಿ "ಕೆಟ್ಟಿದೆ" ಅನ್ನುವವರ ಮಾತನ್ನು ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ನೋಡಬೇಕಾದ್ದು ಬೇರೆ. ಎರಡು ಬೆರಳ ನಡುವೆ ಉಜ್ಜಿದರೆ ಮರಳಿನ ಹಾಗೆ ಕರಕರ ಅನ್ನುತ್ತದೆಯೇ? ಕಡ್ಡಿಗೆ ಅಂಟಂಟಾಗಿ, ಉಂಡೆ ಉಂಡೆಯಾಗಿ ಹಿಡಿದಿದೆಯೇ? ಮೂಸಿ ನೋಡಿದರೆ ಡೀಸೆಲ್ ವಾಸನೆ ಬರುತ್ತಾ? ಮಟ್ಟ ಮೇಲಿನ ಗುರುತಿಗಿಂತ ಮೇಲಿದೆಯೇ? ಹಾಕದೇ ಇದ್ದರೂ ಆಯಿಲ್ ಏರಿದೆ ಅಂದರೆ ಡೀಸೆಲ್ ಸೇರುತ್ತಿದೆ, ಅಥವಾ ಕೂಲೆಂಟ್. ಡೀಸೆಲ್ ಸೇರಿದ್ದರೆ ಆಯಿಲ್ ತೆಳ್ಳಗಾಗಿ ಪ್ರೆಷರ್ ಬೀಳುತ್ತದೆ. ಆಗ ಮೊದಲು ಇಂಜೆಕ್ಟರ್ (ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಭಾಗ) ನೋಡಿಸಬೇಕು, ಬೇರಿಂಗ್ ಅಲ್ಲ. ಕೂಲೆಂಟ್ ಸೇರಿದ್ದರೆ ಆಯಿಲ್ ಹಾಲು ಕಾಫಿ ಬಣ್ಣಕ್ಕೆ ತಿರುಗಿರುತ್ತದೆ. ಹೆಡ್ ಗ್ಯಾಸ್ಕೆಟ್ ಇರಬಹುದು, ಆಯಿಲ್ ಕೂಲರ್ ಇರಬಹುದು. ಹೀಗಿದ್ದರೆ ಮುಂದಿನ ಯಾವ ಪರೀಕ್ಷೆಗೂ ಇಂಜಿನ್ ಸ್ಟಾರ್ಟ್ ಮಾಡಬೇಡಿ. ಆದರೆ ಆಯಿಲ್ ಮುಚ್ಚಳದ ಒಳಗಡೆ ಮಾತ್ರ ಸ್ವಲ್ಪ ಬಿಳಿ ನೊರೆ ಇದ್ದು ಕಡ್ಡಿಯಲ್ಲಿ ಏನೂ ಇಲ್ಲದಿದ್ದರೆ ಅದು ಬಹಳ ಸಲ ಬರೀ ತೇವಾಂಶ. ಮಡಿಕೇರಿ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಪೇಟೆಯೊಳಗೇ ಓಡಾಡುವ ಗಾಡಿಗೆ ಇದು ಬರುತ್ತದೆ. ಒಮ್ಮೆ ಹೆದ್ದಾರಿಯಲ್ಲಿ ಚೆನ್ನಾಗಿ ಓಡಿಸಿ ಬಂದರೆ ಹೋಗುತ್ತದೆ.

ಆಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಒಳಗೆ ನೋಡಿ. ಲೋಹದ ಮೇಲೆ ಕಂದು ಬಣ್ಣದ ತೆಳು ಪದರ ಇದ್ದರೆ ಪರವಾಗಿಲ್ಲ. ಕಪ್ಪು ಗಸಿ ದಪ್ಪಗೆ ಕೂತಿದ್ದು, ಸ್ಕ್ರೂಡ್ರೈವರ್‌ನಿಂದ ಕೆರೆದರೆ ಹೆಂಟೆಯಾಗಿ ಏಳುತ್ತಿದ್ದರೆ, ಚೇಂಬರ್ ತಳದಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ ಅಂತ ತಿಳಿಯಿರಿ. ಆ ಹೆಂಟೆಯನ್ನು ಒಳಕ್ಕೆ ಬೀಳಿಸಬೇಡಿ.

ಗೇಜ್ ಹಾಕಿ ಅಳೆಯಿರಿ

ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ. ಆಯಿಲ್ ಪ್ರೆಷರ್ ಸ್ವಿಚ್ ಬಿಚ್ಚಿ, ಆ ಜಾಗಕ್ಕೆ ಕೈಗೇಜ್ ಹಾಕಿ ಅಳೆಯಬೇಕು. ಗೇಜ್ ಸೆಟ್ಟು ದುಬಾರಿ ವಸ್ತುವಲ್ಲ, ಒಳ್ಳೆ ಡೀಸೆಲ್ ಮೆಕ್ಯಾನಿಕ್ ಹತ್ತಿರ ಇರುತ್ತದೆ. "ಅದೆಲ್ಲ ಯಾಕೆ, ನಂಗೆ ಸೌಂಡಲ್ಲೇ ಗೊತ್ತಾಗುತ್ತೆ" ಅಂದರೆ ವಿನಯದಿಂದಲೇ ಬೇರೆ ಗ್ಯಾರೇಜ್ ನೋಡಿ.

ಅಳೆಯುವ ಮೊದಲು ಆಯಿಲ್ ಮಟ್ಟ ಸರಿಯಾಗಿರಲಿ. ತಣ್ಣಗಿರುವಾಗ ಒಮ್ಮೆ, ರೇಡಿಯೇಟರ್ ಫ್ಯಾನ್ ಒಂದು ಸಲ ತಿರುಗಿ ನಿಲ್ಲುವಷ್ಟು ಬಿಸಿಯಾದ ಮೇಲೆ ಇನ್ನೊಮ್ಮೆ ಅಳೆಯಿರಿ. ಬಿಸಿಯಾದಾಗ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಸುಮ್ಮನೆ ಓಡುವಾಗ) ಎಷ್ಟು, 3000 ಆರ್‌ಪಿಎಂನಲ್ಲಿ ಎಷ್ಟು, ಬರೆದಿಡಿ. ಕಂಪನಿ ಅಂಕಿ ಸಿಗದಿದ್ದರೆ ಒರಟು ಲೆಕ್ಕ ಹೀಗೆ: ಬಿಸಿ ಐಡಲ್‌ನಲ್ಲಿ ಒಂದು ಬಾರ್ ಸುತ್ತಮುತ್ತ, 3000ಕ್ಕೆ ಏರಿಸಿದಾಗ ಮೂರು ಬಾರ್ ಅಥವಾ ಅದಕ್ಕೂ ಮೇಲೆ. ಪಿಎಸ್‌ಐ ಗೇಜ್ ಆದರೆ ಒಂದು ಬಾರ್ ಅಂದರೆ ಸುಮಾರು 14.5.

ಈಗ ಓದುವುದು ಹೇಗೆ ಅಂದರೆ, ದೀಪ ಹೊತ್ತುತ್ತಿದ್ದರೂ ಗೇಜ್ ಎಲ್ಲ ಕಡೆ ಸರಿ ತೋರಿಸಿದರೆ ಸ್ವಿಚ್ ಅಥವಾ ವೈರ್ ಹೋಗಿದೆ. ಇದು ನಿಜವಾಗಿಯೂ ಆಗುತ್ತದೆ. ಸ್ವಿಚ್ ಒಳಗಿಂದಲೇ ಆಯಿಲ್ ಸೋರಿ ಕನೆಕ್ಟರ್ ಒದ್ದೆಯಾಗಿರುವುದೂ ಉಂಟು. ಹೊಸ ಸ್ವಿಚ್ ಹಾಕಿ, ಮುಗಿಯಿತು.

ತಣ್ಣಗಿರುವಾಗ ಚೆನ್ನಾಗಿದ್ದು ಬಿಸಿಯಾದಂತೆ ಇಳಿದು ಐಡಲ್‌ನಲ್ಲಿ ಅರ್ಧ ಬಾರ್‌ಗೆ ಬಂದರೆ, ಆಯಿಲ್ ತೆಳ್ಳಗಾಗಿದೆ ಅಥವಾ ಬೇರಿಂಗ್ ಸವೆದು ಸಂದು ದೊಡ್ಡದಾಗಿದೆ. ಯಾವುದು ಅಂತ ತಿಳಿಯಲು ಕಡಿಮೆ ಖರ್ಚಿನ ದಾರಿ ಇದೆ. ಸರಿಯಾದ ಗ್ರೇಡ್‌ನ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಮೇಲೆ ಬಂದರೆ ಹಳೆ ಆಯಿಲ್ಲೇ ಕಾರಣ. ಬರದೇ ಇದ್ದರೆ ಬೇರಿಂಗ್, ಪಂಪ್, ಇಲ್ಲವೇ ಹೆಚ್ಚಾದ ಪ್ರೆಷರ್ ಬಿಡುವ ಪಂಪಿನ ರಿಲೀಫ್ ವಾಲ್ವ್.

ಮೂರನೆಯ ಬಗೆಯನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ಐಡಲ್‌ನಲ್ಲಿ ಪ್ರೆಷರ್ ಪರವಾಗಿಲ್ಲ, ಆದರೆ ಆರ್‌ಪಿಎಂ ಏರಿಸಿದಂತೆ ಮುಳ್ಳು ಮೇಲೆ ಹೋಗುವ ಬದಲು ನಡುಗುತ್ತದೆ, ಕೆಳಗೆ ಬೀಳುತ್ತದೆ. ಹೆದ್ದಾರಿಯಲ್ಲಿ ಹತ್ತಿಪ್ಪತ್ತು ನಿಮಿಷ ಓಡಿದ ಮೇಲೆ ದೀಪ ಬರುತ್ತದೆ, ಪಕ್ಕಕ್ಕೆ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ದೀಪ ಇಲ್ಲ, ಮತ್ತೆ ಓಡಿಸಿದರೆ ಮತ್ತೆ ಬರುತ್ತದೆ, ಗ್ಯಾರೇಜಿಗೆ ತೋರಿಸಲು ಹೋದರೆ ಅಲ್ಲಿ ಏನೂ ಕಾಣುವುದಿಲ್ಲ, "ಸೆನ್ಸರ್ ಸಾರ್" ಅಂತಾರೆ. ಇದು ಸೆನ್ಸರ್ ಅಲ್ಲ. ಸ್ಟ್ರೇನರ್ ಕಟ್ಟಿರುವ ಲಕ್ಷಣ ಇದೇ. ಟೀ ಸೋಸುವ ಜಾಲರಿಗೆ ಚರಟ ಕಟ್ಟಿದ ಹಾಗೆ ಗಸಿ ಕೂತಿರುತ್ತದೆ. ನಿಧಾನಕ್ಕೆ ಎಳೆದರೆ ಆಯಿಲ್ ಬರುತ್ತದೆ, ಜೋರಾಗಿ ಎಳೆದರೆ ಗಸಿ ಜಾಲರಿಗೆ ಇನ್ನೂ ಬಿಗಿಯಾಗಿ ಅಂಟುತ್ತದೆ. ನಿಲ್ಲಿಸಿದಾಗ ಕೆಳಕ್ಕೆ ಉದುರುತ್ತದೆ. ಹೀಗೆ ಕಂಡರೆ ಗಾಡಿ ಮುಂದಕ್ಕೆ ಓಡಿಸಬೇಡಿ, ನೇರ ಚೇಂಬರ್ ಇಳಿಸಿ.

ತಿರುವಿನಲ್ಲಿ, ಜೋರು ಬ್ರೇಕ್ ಹಾಕಿದಾಗ ಮಾತ್ರ ದೀಪ ಮಿಂಚಿದರೆ ಮಟ್ಟ ಕಡಿಮೆ ಇದೆ. ಇದು ಎಲ್ಲಕ್ಕಿಂತ ಸುಲಭದ್ದು. ಆದರೆ ಆ ಆಯಿಲ್ ಎಲ್ಲಿಗೆ ಹೋಯಿತು ಅನ್ನುವುದನ್ನೂ ಹುಡುಕಬೇಕು.

ಫಿಲ್ಟರ್ ಎಸೆಯಬೇಡಿ, ಚೇಂಬರ್ ಇಳಿಸಲು ಹಿಂಜರಿಯಬೇಡಿ

ಆಯಿಲ್ ಇಳಿಸಿದ ದಿನ ಹಳೆ ಫಿಲ್ಟರನ್ನು ಕೇಳಿ ತಗೊಳ್ಳಿ. ಮಲ್ಟಿಜೆಟ್‌ನಲ್ಲಿ ಡಬ್ಬಿ ಫಿಲ್ಟರ್ ಅಲ್ಲ, ಒಳಗೆ ಬರೀ ಕಾಗದದ ಎಲಿಮೆಂಟ್ ಇರುತ್ತದೆ, ಹಾಗಾಗಿ ಕೆಲಸ ಇನ್ನೂ ಸುಲಭ. ಕಾಗದವನ್ನು ಬ್ಲೇಡ್‌ನಿಂದ ಕತ್ತರಿಸಿ, ಮಡಿಕೆ ಬಿಡಿಸಿ, ಬಿಳಿ ಬಟ್ಟೆಯ ಮೇಲೆ ಹಿಂಡಿ ಬಿಸಿಲಿಗೆ ಹಿಡಿಯಿರಿ. ತಾಮ್ರದ ಬಣ್ಣದ ಮಿನುಗು ಕಂಡರೆ ಬೇರಿಂಗ್‌ನ ಮೇಲಿನ ಪದರ ಸವೆದು ಒಳಪದರ ಹೊರಬಿದ್ದಿದೆ. ಅಯಸ್ಕಾಂತಕ್ಕೆ ಅಂಟುವ ಚೂರಾದರೆ ಕಬ್ಬಿಣ, ಅಂದರೆ ಚೈನು, ಕ್ಯಾಮ್ ಅಥವಾ ಬೋರ್. ಅಂಟದ ಬಿಳಿ ಚೂರು ಅಲ್ಯೂಮಿನಿಯಂ ಇರಬಹುದು, ಪಿಸ್ಟನ್ ನೋಡಬೇಕು. ಪ್ಲಾಸ್ಟಿಕ್ ಚೂರು ಸಿಕ್ಕರೆ ಅದು ಚೈನ್ ಗೈಡ್‌ನದು. ಫಿಲ್ಟರ್ ಕಾಗದ ಒಳಕ್ಕೆ ಕುಸಿದು ಮುದ್ದೆಯಾಗಿದ್ದರೆ ಬೈಪಾಸ್ ತೆರೆದು ಎಷ್ಟೋ ಕಾಲವಾಗಿದೆ. ಕೆಲವು ಸಲ ಫಿಲ್ಟರನ್ನೇ ಬದಲಿಸದೆ ಆಯಿಲ್ ಮಾತ್ರ ಬದಲಿಸಿ ಬಿಲ್ ಮಾಡಿರುವುದೂ ಇಲ್ಲೇ ಗೊತ್ತಾಗುತ್ತದೆ.

ಚೇಂಬರ್ ಇಳಿಸುವುದು ದೊಡ್ಡ ಕೆಲಸ ಅಂತ ತಿಳಿಯಬೇಡಿ. ಇಂಜಿನ್ ಇಳಿಸಬೇಕಾಗಿಲ್ಲ. ಬೋಲ್ಟ್ ಬಿಚ್ಚಿ, ಅಂಟಿರುವ ಸೀಲೆಂಟನ್ನು ಹುಷಾರಾಗಿ ಬಿಡಿಸಿ ಕೆಳಗೆ ತೆಗೆಯುವುದು. ಸ್ಟ್ರೇನರ್ ಹೊರಗೆ ತೆಗೆದು, ಒಳಗಿಂದ ಹೊರಕ್ಕೆ ಗಾಳಿ ಹೊಡೆದು ತೊಳೆಯಬೇಕು. ಅದರ ಪೈಪಿಗೆ ಓ-ರಿಂಗ್ ಇದ್ದರೆ ಹೊಸದು ಹಾಕಿ. ಹಳೆ ಓ-ರಿಂಗ್ ಗಟ್ಟಿಯಾಗಿ ಗಾಳಿ ಎಳೆಯುತ್ತಿದ್ದರೆ ತೊಳೆದದ್ದೆಲ್ಲ ವ್ಯರ್ಥ. ವಾಪಸ್ ಕೂರಿಸುವಾಗ ಸೀಲೆಂಟ್ ಜಾಸ್ತಿ ಬಳಿಯಬೇಡಿ ಅಂತ ಮೊದಲೇ ಹೇಳಿ. ಹೊರಗೆ ಅಂಚಿನಲ್ಲಿ ಎಷ್ಟು ಹಿಂಡಿ ಬಂದಿದೆಯೋ ಒಳಗೂ ಅಷ್ಟೇ ಬಂದಿರುತ್ತದೆ, ಅದು ಮುರಿದು ಮತ್ತೆ ಅದೇ ಸ್ಟ್ರೇನರ್‌ಗೆ ಹೋಗಿ ಕೂರುತ್ತದೆ.

ಇಲ್ಲೇ ಇನ್ನೊಂದು ಮಾತು. ಗಸಿಗೆಲ್ಲ ಆಯಿಲ್ ಬದಲಿಸದ್ದೇ ಕಾರಣ ಅಂತಲ್ಲ. ಇಂಜೆಕ್ಟರ್ ಬುಡದ ವಾಷರ್ ಸೋರಿದರೆ ಉರಿದ ಹೊಗೆ ಆಯಿಲ್ ಇರುವ ಕಡೆ ನುಗ್ಗಿ ಇದ್ದಿಲಿನಂಥ ಗಸಿ ಕಟ್ಟಿಸುತ್ತದೆ. ಟೊಯೋಟಾದ ಹಳೆ ಡಿ-4ಡಿ ಇಂಜಿನ್‌ಗಳಲ್ಲಿ ಹೀಗೆ ಸ್ಟ್ರೇನರ್ ಮುಚ್ಚಿಹೋಗಿರುವುದು ಹೊರದೇಶಗಳಲ್ಲೂ ಗೊತ್ತಿರುವ ವಿಷಯ. ಇಂಜೆಕ್ಟರ್ ಸುತ್ತ ಟಾರಿನ ಹಾಗೆ ಕಪ್ಪು ಗಟ್ಟಿಯಾಗಿ ಕೂತಿದೆಯಾ, ಚುಸ್ ಚುಸ್ ಶಬ್ದ ಬರುತ್ತಾ, ನೋಡಿ. ವಾಷರ್ ಬದಲಿಸದೆ ಬರೀ ಚೇಂಬರ್ ತೊಳೆದರೆ ಗಸಿ ಮತ್ತೆ ಕಟ್ಟುತ್ತದೆ.

ಶಬ್ದಗಳು

ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಬೆಲ್ಟ್ ಇರುವ ಕಡೆಯಿಂದ ಗರಗರ ಅಂತ ಸರಪಳಿ ಎಳೆದಂಥ ಶಬ್ದ ಬಂದು ಎರಡು ಮೂರು ಸೆಕೆಂಡಿನಲ್ಲಿ ನಿಂತರೆ ಟೈಮಿಂಗ್ ಚೈನ್ ಕಡೆ ಗಮನ ಕೊಡಿ. ಟೆನ್ಷನರ್ ಆಯಿಲ್ ಪ್ರೆಷರ್‌ನಿಂದ ಕೆಲಸ ಮಾಡುತ್ತದೆ. ಪ್ರೆಷರ್ ಬರುವ ತನಕ ಚೈನ್ ಸಡಿಲ. ಕೆಟ್ಟ ಆಯಿಲ್‌ನಲ್ಲಿ ಓಡಿದ ಚೈನಿನ ಪಿನ್ನುಗಳು ಸವೆದು ಚೈನ್ ಉದ್ದವಾಗಿರುತ್ತದೆ. "ಚೈನ್ ಇಂಜಿನ್ ಸಾರ್, ಲೈಫ್‌ಟೈಮ್" ಅನ್ನುವ ಮಾತು ಆಯಿಲ್ ಸರಿಯಾಗಿ ಬದಲಿಸಿದ ಇಂಜಿನ್‌ಗೆ ಮಾತ್ರ ಅನ್ವಯಿಸುತ್ತದೆ. ಶಬ್ದ ಬಿಸಿಯಾದ ಮೇಲೂ ಉಳಿದರೆ, ಅಥವಾ ಸ್ಕ್ಯಾನರ್‌ನಲ್ಲಿ ಪಿ0016 ಕೋಡ್, ಅಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ತಾಳ ತಪ್ಪಿದೆ ಅನ್ನುವ ಕೋಡ್ ಬಂದರೆ, ರೇಸ್ ಮಾಡಬೇಡಿ. ಚೈನ್ ಒಂದೆರಡು ಹಲ್ಲು ಹಾರಿದರೆ ಪಿಸ್ಟನ್ ವಾಲ್ವ್‌ಗೆ ತಾಗುತ್ತದೆ, ರಾಕರ್ ಮುರಿಯುತ್ತದೆ, ವಾಲ್ವ್ ಬಾಗುತ್ತದೆ. ಬದಲಿಸುವಾಗ ಚೈನ್, ಟೆನ್ಷನರ್, ಗೈಡ್, ಸ್ಪ್ರಾಕೆಟ್ ಎಲ್ಲವನ್ನೂ ಸೆಟ್ಟಾಗಿ ಹಾಕಿ. ಬರೀ ಟೆನ್ಷನರ್ ಹಾಕಿ ಶಬ್ದ ನಿಲ್ಲಿಸುವುದು ಮಾರುವವರ ಕೆಲಸ.

ಕೆಳಗಿನಿಂದ ದಪ್ಪ ದನಿಯಲ್ಲಿ ಟಕ್ ಟಕ್ ಅಂತ ಬಂದು, ಲೋಡ್ ಕೊಟ್ಟಾಗ ಜಾಸ್ತಿಯಾದರೆ ಅದು ಬಿಗ್ ಎಂಡ್ ಬೇರಿಂಗ್, ಅಂದರೆ ಪಿಸ್ಟನ್ ರಾಡ್ ಕ್ರ್ಯಾಂಕ್‌ಗೆ ಸೇರುವ ಕಡೆಯ ಬೇರಿಂಗ್. ಇಂಜೆಕ್ಟರ್ ಟಕಟಕ ತೆಳ್ಳಗೆ, ಮೇಲಿನಿಂದ ಬರುತ್ತದೆ. ಎರಡನ್ನೂ ಬೇರೆ ಮಾಡಲು ಒಂದೊಂದೇ ಸಿಲಿಂಡರ್ ನಿಲ್ಲಿಸಿ ಕೇಳಬೇಕು. ಇಲ್ಲಿ ಒಂದು ಎಚ್ಚರಿಕೆ. ಹಳೆ ಪಂಪ್ ಇಂಜಿನ್‌ಗಳಲ್ಲಿ, ಹಳೆ ಇಂಡಿಕಾ, ಸುಮೋ ಥರದವುಗಳಲ್ಲಿ, ಮೆಕ್ಯಾನಿಕ್‌ಗಳು ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ನೋಡುತ್ತಿದ್ದರು. ಮಲ್ಟಿಜೆಟ್‌ನಂಥ ಕಾಮನ್ ರೈಲ್ ಇಂಜಿನ್‌ನಲ್ಲಿ, ಅಂದರೆ ಎಲ್ಲ ಇಂಜೆಕ್ಟರ್‌ಗೂ ಒಂದೇ ಕೊಳವೆಯಿಂದ (ರೈಲ್) ಡೀಸೆಲ್ ಹೋಗುವ ಇಂಜಿನ್‌ನಲ್ಲಿ, ಅದನ್ನು ಯಾವತ್ತೂ ಮಾಡಬಾರದು. ರೈಲಿನಲ್ಲಿ ಸಾವಿರ ಬಾರ್ ಮೀರಿದ ಪ್ರೆಷರ್ ಇರಬಹುದು, ಆ ಸಣ್ಣ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಕೈ ಕಳೆದುಕೊಳ್ಳುವಂಥ ಗಾಯ ಅದು. ಸ್ಕ್ಯಾನರ್‌ನಿಂದಲೇ ಸಿಲಿಂಡರ್ ಕಟ್ ಮಾಡಿಸಿ. ಒಂದು ಸಿಲಿಂಡರ್ ಕಟ್ ಮಾಡಿದಾಗ ದಪ್ಪ ಶಬ್ದ ಇಳಿದರೆ ಆ ಸಿಲಿಂಡರ್‌ನ ಬೇರಿಂಗ್ ನೋಡಿಸಿ.

ಬೇರಿಂಗ್ ಶಬ್ದ ಬಂದ ಮೇಲೆ ಹೊಸ ಆಯಿಲ್ ಅದನ್ನು ಸರಿ ಮಾಡುವುದಿಲ್ಲ. ದಪ್ಪ 20ಡಬ್ಲ್ಯೂ-50 ಹಾಕಿ ಶಬ್ದ ಅಡಗಿಸುವುದನ್ನು ಮಾಡುತ್ತಾರೆ. ದೀಪವೂ ಆರುತ್ತದೆ. ಆದರೆ ಸವೆತ ನಿಲ್ಲುವುದಿಲ್ಲ. ಬೆಳಗಿನ ತಣ್ಣನೆ ಸ್ಟಾರ್ಟ್‌ನಲ್ಲಿ ದಪ್ಪ ಆಯಿಲ್ ಟರ್ಬೊಗೂ ಹೆಡ್‌ಗೂ ತಡವಾಗಿ ತಲುಪಿ ಅವೂ ಹಾಳಾಗುತ್ತವೆ. ನೀವು ಕೊಳ್ಳುವ ಗಾಡಿಯ ಆಯಿಲ್ ತೀರಾ ಹೊಸದಾಗಿ, ದಪ್ಪಗೆ ಕಂಡರೆ ಯಾಕೆ ಅಂತ ಕೇಳಿ.

ಟರ್ಬೊ, ಹೊಗೆ, ಮತ್ತು ನಿಜವಾಗಿ ಅಪಾಯದ ಒಂದು ಸಂಗತಿ

ಟರ್ಬೊದ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಸುತ್ತು ತಿರುಗುತ್ತದೆ. ಅದು ನಿಂತಿರುವುದು ಆಯಿಲ್ ಪದರದ ಮೇಲೆ. ಕೆಟ್ಟ ಆಯಿಲ್ ಅಲ್ಲಿನ ಬಿಸಿಗೆ ಸುಟ್ಟು ಇದ್ದಿಲಾಗಿ, ಬರುವ ಸಣ್ಣ ಪೈಪನ್ನೇ ಕಟ್ಟಿಸುತ್ತದೆ. ಪಿಕಪ್ ಕಡಿಮೆ, ಸೈರನ್ ಥರ ಕೂಗು, ನೀಲಿ ಹೊಗೆ, ಇವು ಲಕ್ಷಣ. ಕಪ್ಪು ಹೊಗೆ ಬಂದರೆ ಅದು ಬೇರೆ ಕತೆ, ಗಾಳಿ ಸಾಲದು ಅಥವಾ ಡೀಸೆಲ್ ಜಾಸ್ತಿ. ಹರಿದ ಇಂಟರ್‌ಕೂಲರ್ ಹೋಸ್, ಏರ್ ಫಿಲ್ಟರ್ ಮೊದಲು ನೋಡಿ, ಟರ್ಬೊ ಮೇಲೆ ಹೊರಿಸಬೇಡಿ.

ಇಂಜಿನ್ ಆರಿ ತಣ್ಣಗಾದ ಮೇಲೆ ಗಾಳಿ ಬರುವ ಕಡೆ ಹೋಸ್ ಬಿಚ್ಚಿ ಟರ್ಬೊ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲುಗಾಡಿಸಿ. ಅಕ್ಕಪಕ್ಕಕ್ಕೆ ತುಸು ಪ್ಲೇ ಇರುತ್ತದೆ, ಅದು ಸಹಜ. ಹಿಂದೆ ಮುಂದೆ ಪ್ಲೇ ಕೈಗೆ ಗೊತ್ತಾಗಬಾರದು. ರೆಕ್ಕೆ ಗೋಡೆಗೆ ತಾಗಿದ ಗುರುತಿದ್ದರೆ ಟರ್ಬೊ ಮುಗಿಯಿತು. ಪೈಪಿನೊಳಗೆ ಆಯಿಲ್ ಪಸೆ ಇದ್ದರೆ ಚಿಂತೆ ಬೇಡ, ಇಂಜಿನ್ ಒಳಗಿನ ಹಬೆ ಹೊರಬಿಡುವ ಬ್ರೀದರ್‌ನಿಂದ ಬರುತ್ತದೆ. ಇಂಟರ್‌ಕೂಲರ್ ಕೆಳಗಿನ ಹೋಸ್ ಬಿಚ್ಚಿದಾಗ ಆಯಿಲ್ ಸುರಿದರೆ ಮಾತ್ರ ಇಂಜಿನ್ ಸ್ಟಾರ್ಟ್ ಮಾಡಬೇಡಿ.

ಯಾಕೆ ಅಂದರೆ ಆ ಆಯಿಲ್ ಇಂಜಿನ್ ಒಳಗೆ ಹೋದರೆ ಅದೇ ಇಂಧನವಾಗುತ್ತದೆ. ಇಂಜಿನ್ ತಾನಾಗೇ ರೇಸ್ ಆಗುತ್ತಾ ಹೋಗುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಬೇಡ ಅಲ್ವಾ, ಗಾಳಿ ಮತ್ತು ಉರಿಯುವ ಯಾವುದಾದರೂ ಎಣ್ಣೆ ಸಾಕು. ಹಾಗಾದರೆ ಮ್ಯಾನ್ಯುಯಲ್ ಗೇರ್ ಗಾಡಿಯಲ್ಲಿ ಎದುರಿಗೆ ಯಾರೂ ಇಲ್ಲ ಅಂತ ನೋಡಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಮೇಲಿನ ಗೇರ್ ಹಾಕಿ ಕ್ಲಚ್ ಬಿಟ್ಟು ಇಂಜಿನ್ ಆರಿಸಲು ನೋಡಬೇಕು. ಆಗಲಿಲ್ಲವಾ, ಎಲ್ಲರನ್ನೂ ಇಳಿಸಿ ದೂರ ಹೋಗಿ. ಬಾನೆಟ್ ತೆಗೆದು ಕೈ ಹಾಕಬೇಡಿ, ಇಂಜಿನ್ ಸಿಡಿದು ಚೂರು ಹಾರಬಹುದು.

ಹೊಸ ಟರ್ಬೊ ಹಾಕಿಸಿ ಸ್ವಲ್ಪ ದಿನಕ್ಕೇ ಅದೂ ಹೋಯಿತು ಅನ್ನುವವರು ತುಂಬಾ ಇದ್ದಾರೆ. ಎಷ್ಟೋ ಸಲ ಹಳೆ ಫೀಡ್ ಪೈಪನ್ನೇ ವಾಪಸ್ ಹಾಕಿರುತ್ತಾರೆ, ಚೇಂಬರ್‌ನ ಗಸಿ ಹಾಗೇ ಇರುತ್ತದೆ. ಫೀಡ್ ಪೈಪ್ ಹೊಸದಿರಲಿ, ವಾಪಸ್ ಬರುವ ಪೈಪ್ ತೆರೆದಿರಲಿ, ಟರ್ಬೊ ಬಾಯಿಗೆ ಆಯಿಲ್ ತುಂಬಿ ಆಮೇಲೆ ಸ್ಟಾರ್ಟ್ ಮಾಡಲಿ. ಸ್ಟಾರ್ಟ್ ಆದ ಮೇಲೆ ಸ್ವಲ್ಪ ಹೊತ್ತು ಐಡಲ್‌ನಲ್ಲೇ ಬಿಡಲಿ.

ಬ್ಯಾಕ್ ಕಂಪ್ರೆಷನ್, ಅಂದರೆ ಸಿಲಿಂಡರ್‌ನ ಒತ್ತಡ ಪಿಸ್ಟನ್ ರಿಂಗ್ ದಾಟಿ ಕೆಳಕ್ಕೆ ಸೋರುವ ವಿಷಯ, ಚಿಕ್ಕದಾಗಿ ಹೇಳುತ್ತೇನೆ. ಐಡಲ್‌ನಲ್ಲಿ ಆಯಿಲ್ ಮುಚ್ಚಳ ತೆಗೆದು ತಿರುವಿ ಅದೇ ಬಾಯಿಯ ಮೇಲೆ ಇಡಿ. ನಡುಗಿದರೆ ಸರಿ. ಹಾರಿ ಬಿದ್ದು, ಹೊಗೆ ಉಗಿದರೆ ರಿಂಗ್ ಅಂಟಿರಬಹುದು ಅಥವಾ ಬೋರ್ ಸವೆದಿರಬಹುದು. ಇಷ್ಟರಿಂದಲೇ ತೀರ್ಮಾನಕ್ಕೆ ಬರಬೇಡಿ, ಬ್ರೀದರ್ ಕಟ್ಟಿದ್ದರೂ ಹೀಗಾಗುತ್ತದೆ. ಕಂಪ್ರೆಷನ್ ಅಳೆಸಿ. ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರ ಇದ್ದರೆ ಇಂಜಿನ್ ಬಿಚ್ಚಿಸುವ ಅವಸರ ಬೇಡ.

ಗಸಿ ಇಳಿಸುವುದು ಹೇಗೆ

ಪ್ರೆಷರ್ ಸರಿ ಇದೆ, ದಪ್ಪ ಶಬ್ದ ಇಲ್ಲ, ಗಸಿ ಮಾತ್ರ ಇದೆ ಅಂದರೆ ಇಂಜಿನ್ ಉಳಿಯುತ್ತದೆ. ಆದರೆ ಅವಸರ ಮಾಡಬಾರದು. ಡೀಸೆಲ್ಲೋ ಸೀಮೆಎಣ್ಣೆಯೋ ಹಾಕಿ ಹತ್ತು ನಿಮಿಷ ಸ್ಟಾರ್ಟ್‌ನಲ್ಲಿ ಇಟ್ಟು ಇಳಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಬೇಡವೇ ಬೇಡ. ಆ ಹತ್ತು ನಿಮಿಷ ಬೇರಿಂಗ್‌ಗೂ ಟರ್ಬೊಗೂ ಆಯಿಲ್ ಪದರ ಇರುವುದಿಲ್ಲ, ಜೊತೆಗೆ ಗಸಿ ಹೆಂಟೆ ಹೆಂಟೆಯಾಗಿ ಕಳಚಿ ಸ್ಟ್ರೇನರ್‌ಗೆ ಹೋಗುತ್ತದೆ. ಡಬ್ಬಿಯಲ್ಲಿ ಸಿಗುವ ಫ್ಲಶ್‌ಗಳನ್ನೂ ಗಸಿ ದಪ್ಪಗಿರುವ ಇಂಜಿನ್‌ಗೆ ನಾನು ಹಾಕಿಸುವುದಿಲ್ಲ.

ನಾನು ಹೇಳುವುದು ಇದು. ಮೊದಲು ಚೇಂಬರ್ ಇಳಿಸಿ ಕೈಯಲ್ಲೇ ತೊಳೆಯುವುದು. ಆಮೇಲೆ ಸರಿಯಾದ ಗ್ರೇಡ್‌ನ ಒಳ್ಳೆ ಡೀಸೆಲ್ ಆಯಿಲ್, ಹೊಸ ಫಿಲ್ಟರ್. ಒಂದು ಸಾವಿರ ಕಿಲೋಮೀಟರ್‌ಗೆ ಎರಡನ್ನೂ ಬದಲಿಸಿ. ಮತ್ತೆ ಮೂರು ಸಾವಿರಕ್ಕೆ. ಅಲ್ಲಿಂದ ಮುಂದೆ ಐದು ಸಾವಿರ ಅಥವಾ ಆರು ತಿಂಗಳಿಗೊಮ್ಮೆ, ಹೀಗೆ ಕನಿಷ್ಠ ಒಂದು ವರ್ಷ ಮಾಡಿ. ಹೊಸ ಆಯಿಲ್‌ನಲ್ಲಿರುವ ಡಿಟರ್ಜೆಂಟ್ ನಿಧಾನವಾಗಿ ಗಸಿಯನ್ನು ಕರಗಿಸಿ ಫಿಲ್ಟರ್‌ಗೆ ತರುತ್ತದೆ. ಪ್ರತಿ ಸಲ ಫಿಲ್ಟರ್ ಕತ್ತರಿಸಿ ನೋಡಿ. ಸಲದಿಂದ ಸಲಕ್ಕೆ ಗಸಿ ಕಡಿಮೆಯಾಗುತ್ತಾ ಬರಬೇಕು. ಮೂರು ಲೀಟರ್ ಆಯಿಲ್‌ನ ಇಂಜಿನ್‌ಗೆ ಇದು ದುಬಾರಿ ಅಲ್ಲ.

ಗ್ರೇಡ್ ಯಾವುದು ಅಂದರೆ ಮ್ಯಾನ್ಯುಯಲ್‌ನಲ್ಲಿ ಬರೆದದ್ದೇ. ಡಬ್ಬಿಯ ಮೇಲೆ 5ಡಬ್ಲ್ಯೂ-30 ಅಂತ ಇದ್ದರೆ ಸಾಲದು, ಡೀಸೆಲ್‌ಗೆ ಅಂತ ಕೊಟ್ಟ ಎಪಿಐ ಸಿ ಸರಣಿಯ ಗುರುತೋ, ಮ್ಯಾನ್ಯುಯಲ್ ಕೇಳುವ ಎಸಿಇಎ ಗುರುತೋ ಇದೆಯಾ ನೋಡಿ. ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಗೆ ಕಡಿಮೆ ಬೂದಿಯ ಆಯಿಲ್ಲೇ ಬೇಕು. ಸೀಲ್ ಇರುವ ಡಬ್ಬಿ ನಿಮ್ಮ ಎದುರಿಗೇ ತೆಗೆಸಿ, ಖಾಲಿ ಡಬ್ಬಿಯನ್ನು ತೂತು ಮಾಡಿ ಎಸೆಯಿರಿ, ಅದಕ್ಕೆ ಮತ್ತೆ ಯಾರೋ ಲೂಸ್ ಆಯಿಲ್ ತುಂಬಿ ಮಾರುವುದು ಬೇಡ. ಡ್ರೈನ್ ಬೋಲ್ಟ್‌ನ ವಾಷರ್ ಪ್ರತಿ ಸಲ ಹೊಸದಿರಲಿ.

ಇಳಿಸಿದ ಹಳೆ ಆಯಿಲ್ ಚರಂಡಿಗೆ ಬೇಡ. ಹಳ್ಳಿ ಕಡೆ ಗೆದ್ದಲಿಗೆ ಅಂತ ಬಾಗಿಲು, ಕಂಬಗಳಿಗೆ ಬಳಿಯುತ್ತಾರೆ, ಬರಿಗೈಯಲ್ಲಿ. ಬಳಸಿದ ಇಂಜಿನ್ ಆಯಿಲ್‌ನಲ್ಲಿ ಕ್ಯಾನ್ಸರ್ ತರುವ ಅಂಶಗಳಿವೆ, ಮಕ್ಕಳು ಮುಟ್ಟುವ ಜಾಗಕ್ಕೆ ಅದನ್ನು ಹಚ್ಚಬೇಡಿ. ಕ್ಯಾನಿಗೆ ತುಂಬಿ, ಹಳೆ ಆಯಿಲ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ.

ಚೇಂಬರ್ ತೊಳೆದ ದಿನದ ಪ್ರೆಷರ್ ಅಂಕಿಗಳನ್ನು, ತಣ್ಣಗೆ ಎಷ್ಟು, ಬಿಸಿ ಐಡಲ್‌ನಲ್ಲಿ ಎಷ್ಟು, 3000ಕ್ಕೆ ಎಷ್ಟು ಅಂತ, ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿ. ಸಾವಿರ ಕಿಲೋಮೀಟರ್‌ಗೆ ಆಯಿಲ್ ಬದಲಿಸಿದಾಗ ಅದೇ ಗೇಜ್ ಹಾಕಿ ಅಳೆಯಿರಿ, ಮೂರು ಸಾವಿರಕ್ಕೆ ಮತ್ತೆ. ಬಿಸಿ ಐಡಲ್ ಅಂಕಿ ಏರಿದರೆ ಅಥವಾ ಅಲ್ಲೇ ನಿಂತರೆ ಓಡಿಸಿ. ಪ್ರತಿ ಸಲ ಇಳಿಯುತ್ತಾ ಹೋದರೆ ಚೇಂಬರ್ ಮತ್ತೆ ತೆಗೆಸಿ, ಈ ಸಲ ಬಿಗ್ ಎಂಡ್ ಕ್ಯಾಪ್ ಒಂದನ್ನು ಬಿಚ್ಚಿ ಬೇರಿಂಗ್ ನೋಡಲು ಹೇಳಿ.